ಮೂರು ವರ್ಷದ ಊರು

ಹೊಸ ಶಾಲೆಗೆ ಸೇರಿದ ಹುಡುಗನಿಗೆ ಪಕ್ಕದ ಬೆಂಚಿನವನು ಕೇಳುವ ಮೊದಲ ಪ್ರಶ್ನೆ: ‘ನಿಮ್ಮೂರು ಯಾವುದು?’ ತೀರ್ಥಹಳ್ಳಿಯವನೋ ಗಂಗಾವತಿಯವನೋ ಆದರೆ ಉತ್ತರ ಥಟ್ಟನೆ ಬರುತ್ತದೆ. ಆದರೆ ಜಪಾನಿನ ಓಕಿನಾವಾ ದ್ವೀಪದಲ್ಲಿರುವ ಕುಬಸಾಕಿ ಹೈಸ್ಕೂಲಿನಲ್ಲಿ ಇದೇ ಪ್ರಶ್ನೆ ಕೇಳಿದರೆ ಮಕ್ಕಳು ತುಸು ತಡವರಿಸುತ್ತಾರೆ. ಹುಟ್ಟಿದ್ದು ನಾರ್ತ್ ಕೆರೊಲಿನಾದ ಮಿಲಿಟರಿ ಆಸ್ಪತ್ರೆಯಲ್ಲಿ, ಅಕ್ಷರ ಕಲಿತದ್ದು ಕ್ಯಾಲಿಫೋರ್ನಿಯಾದಲ್ಲಿ, ಸೈಕಲ್ ಕಲಿತದ್ದು ಹವಾಯಿಯಲ್ಲಿ, ಈಗ ಇರುವುದು ಜಪಾನಿನಲ್ಲಿ. ಇದರಲ್ಲಿ ಯಾವುದನ್ನು ಊರು ಎನ್ನುವುದು? ಅಜ್ಜಿಯ ಮನೆ ಟೆಕ್ಸಾಸಿನಲ್ಲಿದೆ ನಿಜ. ಅಲ್ಲಿಗೆ ಹೋಗಿರುವುದು ಎರಡೋ ಮೂರೋ ಸಲ.

ಕುಬಸಾಕಿ ಅಮೆರಿಕದ ಸೈನಿಕರ ಮಕ್ಕಳಿಗಾಗಿ 1946ರಲ್ಲಿ ಆರಂಭವಾದ ಶಾಲೆ. ಹಿಂದಿನ ವರ್ಷವಷ್ಟೇ ಓಕಿನಾವಾದಲ್ಲಿ ಎರಡನೇ ಮಹಾಯುದ್ಧದ ಅತಿ ಭೀಕರ ಕದನಗಳಲ್ಲೊಂದು ನಡೆದು, ದ್ವೀಪದ ಜನರಲ್ಲಿ ಸುಮಾರು ನಾಲ್ಕನೇ ಒಂದು ಭಾಗ ಸತ್ತಿದ್ದರು. ಗೆದ್ದ ಸೈನ್ಯ ಅಲ್ಲೇ ಉಳಿಯಿತು. ಉಳಿದ ಮೇಲೆ ಸೈನಿಕರ ಹೆಂಡತಿ ಮಕ್ಕಳೂ ಬಂದರು. ಮಕ್ಕಳು ಬಂದ ಮೇಲೆ ಶಾಲೆ ಬೇಕಾಯಿತು. ಓಕಿನಾವಾ 1972ರ ಮೇ 15ರಂದು ಮತ್ತೆ ಜಪಾನಿನ ಆಡಳಿತಕ್ಕೆ ಸೇರಿತು. ಸೇನಾನೆಲೆಗಳು ಮಾತ್ರ ಹೋಗಲಿಲ್ಲ. ಜಪಾನಿನ ಭೂಭಾಗದಲ್ಲಿ ಶೇಕಡಾ ಒಂದರಷ್ಟೂ ಇಲ್ಲದ ಈ ಪ್ರಾಂತ್ಯದಲ್ಲಿ, ಆ ದೇಶದಲ್ಲಿ ಅಮೆರಿಕದ ಸೇನೆಗೆಂದೇ ಮೀಸಲಾದ ಜಾಗದ ಶೇಕಡಾ 70ರಷ್ಟು ಇದೆ.

ಇಲ್ಲಿಗೆ ಕುಟುಂಬ ಸಮೇತ ಬರುವ ಸೈನಿಕನ ಅವಧಿ ಸಾಮಾನ್ಯವಾಗಿ ಮೂರು ವರ್ಷ. ವರ್ಗಾವಣೆ ಆದೇಶ ಬಂದರೂ ಎಲ್ಲರೂ ಹೊರಡುವಂತಿಲ್ಲ. ಹೆಂಡತಿ ಮಕ್ಕಳ ಆರೋಗ್ಯ ಮತ್ತು ವಿದ್ಯಾಭ್ಯಾಸದ ತಪಾಸಣೆ ಮೊದಲು ನಡೆಯುತ್ತದೆ. ಮಗುವೊಂದಕ್ಕೆ ಬೇಕಾದ ಚಿಕಿತ್ಸೆಯೋ ವಿಶೇಷ ಶಿಕ್ಷಣವೋ ದ್ವೀಪದಲ್ಲಿ ಸಿಗದಿದ್ದರೆ ಅನುಮತಿಯಿಲ್ಲ. ಅಪ್ಪ ಒಬ್ಬನೇ ಹೋಗಬೇಕು, ಇಲ್ಲವೇ ಬೇರೆ ಕಡೆ ಹಾಕಿಸಿಕೊಳ್ಳಬೇಕು. ಮನೆಯ ನಾಯಿಗೂ ಕಾನೂನಿದೆ. ಜಪಾನಿನಲ್ಲಿ ಹುಚ್ಚುನಾಯಿ ರೋಗ ಇಲ್ಲದ್ದರಿಂದ ಎರಡು ಚುಚ್ಚುಮದ್ದು, ಒಂದು ರಕ್ತಪರೀಕ್ಷೆ, ಆಮೇಲೆ 180 ದಿನಗಳ ಕಾಯುವಿಕೆ. ಆದೇಶ ತಡವಾಗಿ ಕೈಸೇರಿದ ಮನೆಗಳಲ್ಲಿ ನಾಯಿಯನ್ನು ಯಾರ ಹತ್ತಿರ ಬಿಡುವುದು ಎಂಬುದೇ ಮಕ್ಕಳ ದೊಡ್ಡ ಅಳುವಿಗೆ ಕಾರಣ.

ಬೇಲಿಯ ಒಳಗೊಂದು ಅಮೆರಿಕ

ಸಾಮಾನು ಹಡಗಿನಲ್ಲಿ ಬರುವಷ್ಟರಲ್ಲಿ ವಾರಗಳೇ ಉರುಳುತ್ತವೆ. ಅಲ್ಲಿಯವರೆಗೆ ಸೇನೆ ಎರವಲು ಕೊಡುವ ಮಂಚ, ಮೇಜು, ಸೋಫಾ. ಚಂಡಮಾರುತಗಳ ದ್ವೀಪವಾದ್ದರಿಂದ ಮನೆಗಳೆಲ್ಲ ಗಟ್ಟಿ ಕಾಂಕ್ರೀಟಿನವು. ಮನೆ ಎಷ್ಟು ದೊಡ್ಡದು ಎಂಬುದನ್ನು ಅಪ್ಪನ ಅಥವಾ ಅಮ್ಮನ ದರ್ಜೆ ಮತ್ತು ಮಕ್ಕಳ ಸಂಖ್ಯೆ ತೀರ್ಮಾನಿಸುತ್ತದೆ. ಮನೆ ಯಾವ ಬಡಾವಣೆಯಲ್ಲಿದೆ ಎಂದು ತಿಳಿದರೆ ಸಾಕು, ಅಪ್ಪನ ದರ್ಜೆ ಏನು ಎಂದು ಮಕ್ಕಳು ಊಹಿಸಿಬಿಡುತ್ತಾರೆ.

ಬೆಳಿಗ್ಗೆ ಎಂಟಕ್ಕೆ ಧ್ವನಿವರ್ಧಕಗಳಲ್ಲಿ ಅಮೆರಿಕದ ರಾಷ್ಟ್ರಗೀತೆ, ಅದರ ಬೆನ್ನಿಗೇ ಜಪಾನಿನದು. ಆ ಹೊತ್ತಿನಲ್ಲಿ ನೆಲೆಯೊಳಗಿನ ಕಾರುಗಳು ಇದ್ದಲ್ಲೇ ನಿಲ್ಲುತ್ತವೆ, ನಡೆಯುತ್ತಿದ್ದವರೂ ನಿಲ್ಲುತ್ತಾರೆ. ಅಂಗಡಿಯಲ್ಲಿ ಡಾಲರ್ ನಡೆಯುತ್ತದೆ. ಗೇಟು ದಾಟಿದರೆ ಯೆನ್. ಅಮೆರಿಕದಿಂದ ಬರುವ ಪಾರ್ಸೆಲ್ಲಿಗೆ ಹತ್ತಾರು ಸಾವಿರ ಕಿಲೋಮೀಟರ್ ದೂರದ ವಿದೇಶೀ ಅಂಚೆದರ ಇಲ್ಲ, ಅಲ್ಲಿನ ಒಳನಾಡಿನ ದರವೇ ಸಾಕು. ವಿಳಾಸದಲ್ಲಿ ಜಪಾನ್ ಎಂಬ ಹೆಸರೇ ಇರುವುದಿಲ್ಲ. ಸೇನೆಯ ಟಿ.ವಿ. ವಾಹಿನಿಯಲ್ಲಿ ಅಮೆರಿಕದ ಕಾರ್ಯಕ್ರಮಗಳೇ ಬರುತ್ತವೆ, ಆದರೆ ವ್ಯಾಪಾರಿ ಜಾಹೀರಾತುಗಳ ಜಾಗದಲ್ಲಿ ಸೇನೆಯ ಸೂಚನೆಗಳು. ಭಾನುವಾರ ಸಂಜೆ ಅಮೆರಿಕವೆಲ್ಲ ಕುಳಿತು ನೋಡುವ ಸೂಪರ್ ಬೌಲ್ ಫುಟ್‌ಬಾಲ್ ಪಂದ್ಯ ಇಲ್ಲಿ ಸೋಮವಾರ ಬೆಳಿಗ್ಗೆ! ಗಡಿಯಾರ ಅಮೆರಿಕದ ಪೂರ್ವ ಕರಾವಳಿಗಿಂತ ಚಳಿಗಾಲದಲ್ಲಿ 14 ಗಂಟೆ ಮುಂದೆ ಇರುವುದರಿಂದ, ಅಜ್ಜಿಗೆ ಫೋನ್ ಮಾಡಬೇಕಾದರೂ ಮೊದಲು ಲೆಕ್ಕ ಹಾಕಬೇಕು.

ಅಪ್ಪನದು ಸಮುದ್ರದಾಚೆ ಹೋಗುವ ತುಕಡಿಯಾದರೆ ಮನೆಯ ಲಯವೇ ಬೇರೆ. ತಿಂಗಳುಗಟ್ಟಲೆ ಅವರಿಲ್ಲ. ಎಲ್ಲಿದ್ದಾರೆ ಎಂಬುದನ್ನು ಎಷ್ಟೋ ಸಲ ಹೇಳುವಂತಿಲ್ಲ. ನಲ್ಲಿ ಸೋರಿದರೂ ಮಗುವಿಗೆ ಜ್ವರ ಬಂದರೂ ಅಮ್ಮನೇ ನೋಡಿಕೊಳ್ಳಬೇಕು. ಊರಿನಲ್ಲಿ ದಾದಿಯೋ ವಕೀಲೆಯೋ ಆಗಿದ್ದ ಅಮ್ಮಂದಿರಿಗೆ ಇಲ್ಲಿ ಅದೇ ಕೆಲಸ ಸಿಗುವ ಖಾತ್ರಿಯಿಲ್ಲ. ಅಂಗಡಿಯಲ್ಲೋ ಶಿಶುವಿಹಾರದಲ್ಲೋ ಸಿಕ್ಕಿದ್ದನ್ನು ಹಿಡಿಯುತ್ತಾರೆ. ಸೈನಿಕನ ಸೇವಾಪುಸ್ತಕದಲ್ಲಿ ಇವರ ಮೂರು ವರ್ಷಗಳಿಗೆ ಒಂದು ಸಾಲೂ ಇರುವುದಿಲ್ಲ.

ಮಕ್ಕಳಿಗೂ ಶಿಸ್ತಿನ ನೆರಳು ತಪ್ಪಿದ್ದಲ್ಲ. ಹುಡುಗನೊಬ್ಬ ಅಂಗಡಿಯಲ್ಲಿ ಕದ್ದು ಸಿಕ್ಕಿಬಿದ್ದರೆ ಸುದ್ದಿ ಮನೆಗೆ ಬಂದು ಅಲ್ಲಿಗೇ ನಿಲ್ಲುವುದಿಲ್ಲ, ಅಪ್ಪನ ಮೇಲಧಿಕಾರಿಗೆ ಹೋಗುತ್ತದೆ. ತಪ್ಪು ದೊಡ್ಡದಾದರೆ ಕುಟುಂಬವನ್ನೇ ಅವಧಿಗೆ ಮುಂಚೆ ವಾಪಸು ಕಳಿಸುವುದುಂಟು. ಹದಿನಾಲ್ಕರ ವಯಸ್ಸಿಗೆ ಇದು ಭಾರದ ಹೊರೆ.

ಪುಟ ತಪ್ಪದ ಪಾಠ

ಅಮೆರಿಕದ ಸೈನಿಕರ ಮಗು ಶಾಲಾ ದಿನಗಳಲ್ಲಿ ಸರಾಸರಿ ಆರರಿಂದ ಒಂಬತ್ತು ಸಲ ಊರು ಬದಲಿಸುತ್ತದೆ ಎಂಬುದು ಅಲ್ಲಿನ ಶಿಕ್ಷಣ ವಲಯದಲ್ಲಿ ಸಾಮಾನ್ಯವಾಗಿ ಹೇಳುವ ಲೆಕ್ಕ. ಹೀಗಿರುವಾಗ ಓದು ಹಿಂದೆ ಬೀಳಲೇಬೇಕಲ್ಲವೇ? ಆಗಿರುವುದು ತದ್ವಿರುದ್ಧ. ಅಮೆರಿಕದಲ್ಲಿ ನಾಲ್ಕನೆಯ ಮತ್ತು ಎಂಟನೆಯ ತರಗತಿಯ ಮಕ್ಕಳಿಗೆ ನಡೆಸುವ ರಾಷ್ಟ್ರೀಯ ಪರೀಕ್ಷೆಯಲ್ಲಿ, 2022ರಲ್ಲೂ 2024ರಲ್ಲೂ, ಓದು ಮತ್ತು ಗಣಿತ ಎರಡರಲ್ಲೂ ಎಲ್ಲ ರಾಜ್ಯಗಳನ್ನು ಹಿಂದಿಕ್ಕಿ ಮೊದಲ ಸ್ಥಾನದಲ್ಲಿ ನಿಂತದ್ದು ರಕ್ಷಣಾ ಇಲಾಖೆಯ ಶಾಲೆಗಳು.

ಕಾರಣ ಹುಡುಕುವವರು ಮೊದಲು ತೋರಿಸುವುದು ಪಠ್ಯಕ್ರಮವನ್ನು. ಸುಮಾರು 160 ಶಾಲೆಗಳಿಗೂ ಅದು ಒಂದೇ. ಜರ್ಮನಿಯಲ್ಲಿ ಭಿನ್ನರಾಶಿಯ ಅರ್ಧದಲ್ಲಿ ಪುಸ್ತಕ ಮುಚ್ಚಿದ ಹುಡುಗಿ ಓಕಿನಾವಾದಲ್ಲಿ ಅಲ್ಲಿಂದಲೇ ಮುಂದುವರಿಯಬಹುದು. ಮೇಷ್ಟ್ರುಗಳಿಗೂ ‘ಹೊಸಬ’ ಎಂಬುದು ಅಪರೂಪದ ಪ್ರಾಣಿಯಲ್ಲ. ತರಗತಿಯ ಅರ್ಧಕ್ಕರ್ಧ ಮಂದಿ ನಿನ್ನೆ ಮೊನ್ನೆ ಬಂದವರೇ. ಹಾಗೆಂದು ವರ್ಗಾವಣೆ ಮಕ್ಕಳನ್ನು ಜಾಣರನ್ನಾಗಿ ಮಾಡುತ್ತದೆ ಎಂದು ಯಾರೂ ತೀರ್ಮಾನಿಸಬೇಕಿಲ್ಲ. ಈ ಶಾಲೆಗಳ ಪ್ರತಿ ಮಗುವಿಗೂ ತಲೆಯ ಮೇಲೆ ಸೂರಿದೆ, ವೈದ್ಯರಿದ್ದಾರೆ, ತಂದೆ ತಾಯಿಯರಲ್ಲಿ ಒಬ್ಬರಿಗಾದರೂ ಕಾಯಂ ಸಂಬಳವಿದೆ. ಅಂಕಪಟ್ಟಿ ನೋಡುವಾಗ ಇದನ್ನು ಮರೆಯುವಂತಿಲ್ಲ.

ಒಂದೇ ಪಠ್ಯಕ್ರಮದ ಈ ಉಪಾಯ ಭಾರತದವರಿಗೆ ಹೊಸದೂ ಅಲ್ಲ. ಊರೂರು ತಿರುಗುವ ಕೇಂದ್ರ ಸರ್ಕಾರಿ ನೌಕರರ ಮತ್ತು ಸೈನಿಕರ ಮಕ್ಕಳಿಗೆಂದು 1963ರಲ್ಲಿ ಆರಂಭವಾದ ಯೋಜನೆಯೇ ಇಂದಿನ ಕೇಂದ್ರೀಯ ವಿದ್ಯಾಲಯ. ಆಗ ಮೊದಲು ವಹಿಸಿಕೊಂಡದ್ದು 20 ರೆಜಿಮೆಂಟಲ್ ಶಾಲೆಗಳನ್ನು. ಕಾಠ್ಮಂಡು, ಮಾಸ್ಕೋ, ಟೆಹರಾನ್‌ಗಳಲ್ಲೂ ಅದರ ಶಾಲೆಗಳಿವೆ. ಬೆಳಗಾವಿಯಲ್ಲಿ ಏಳನೇ ತರಗತಿ ಮುಗಿಸಿ ಎಂಟಕ್ಕೆ ಜೋಧಪುರ ಸೇರಿದ ಮಗುವಿಗೆ ಇದರ ಬೆಲೆ ಗೊತ್ತು.

ತಾಪತ್ರಯ ಶುರುವಾಗುವುದು ತವರಿಗೆ ಮರಳಿದಾಗ. ಅಮೆರಿಕದಲ್ಲಿ ಒಂದೊಂದು ರಾಜ್ಯದ ಶಿಕ್ಷಣ ನಿಯಮ ಒಂದೊಂದು ಬಗೆ. ಹೈಸ್ಕೂಲಿನ ಕೊನೆಯ ವರ್ಷಕ್ಕೆ ಸೇರಿದ ವಿದ್ಯಾರ್ಥಿಗೆ ‘ನಮ್ಮ ರಾಜ್ಯದ ಇತಿಹಾಸ ಓದಿಲ್ಲ, ಪದವಿಪತ್ರ ಕೊಡಲಾಗದು’ ಎನ್ನುವಂಥ ತಕರಾರುಗಳು ಎದುರಾಗುತ್ತಿದ್ದವು. ಇದನ್ನು ತಪ್ಪಿಸಲು ರಾಜ್ಯಗಳ ನಡುವೆ 2008ರಲ್ಲಿ ಒಂದು ಒಪ್ಪಂದ ಜಾರಿಗೆ ಬಂತು. ಐವತ್ತೂ ರಾಜ್ಯಗಳು ಅದಕ್ಕೆ ಸೇರುವ ಹೊತ್ತಿಗೆ 2014 ಆಗಿತ್ತು.

ಮನಸ್ಸಿನ ತಕರಾರಿಗೆ ಒಪ್ಪಂದವಿಲ್ಲ. ಸಮಾಜಶಾಸ್ತ್ರಜ್ಞೆ ರುತ್ ಹಿಲ್ ಯೂಸೀಮ್ 1950ರ ದಶಕದಲ್ಲಿ ಪತಿ ಜಾನ್ ಯೂಸೀಮ್ ಅವರೊಂದಿಗೆ ಭಾರತಕ್ಕೆ ಬಂದು, ಇಲ್ಲಿ ಕೆಲಸದ ಮೇಲೆ ನೆಲೆಸಿದ್ದ ಅಮೆರಿಕನ್ನರನ್ನು ಅಧ್ಯಯನ ಮಾಡಿದ್ದರು. ಅಪ್ಪ ಅಮ್ಮನ ದೇಶದ್ದೂ ಅಲ್ಲದ, ನೆಲೆ ನಿಂತ ದೇಶದ್ದೂ ಅಲ್ಲದ ಮೂರನೆಯದೊಂದು ಸಂಸ್ಕೃತಿಯಲ್ಲಿ ಬೆಳೆಯುವ ಇಂಥವರಿಗೆ ‘ಮೂರನೇ ಸಂಸ್ಕೃತಿಯ ಮಕ್ಕಳು’ ಎಂದು ಹೆಸರಿಟ್ಟವರು ಅವರೇ. ಈ ಮಕ್ಕಳು ಹೊಸಬರೊಡನೆ ಬೇಗ ಬೆರೆಯುತ್ತಾರೆ, ಅಷ್ಟೇ ಬೇಗ ಕೈಬಿಡುತ್ತಾರೆ. ಹೇಗೂ ಹೋಗುವವಳು ತಾನೇ ಎಂದು ಮೂರನೆಯ ವರ್ಷ ಗೆಳೆತನವನ್ನೇ ಮಾಡದ ಮಕ್ಕಳೂ ಇರುತ್ತಾರೆ.

ಬೇಲಿಯ ಹೊರಗಿನ ಶಾಲೆ

ಬೇಲಿಯಾಚೆಗೂ ಮಕ್ಕಳಿದ್ದಾರೆ. ಗಿನೊವಾನ್ ಪಟ್ಟಣದ ನಟ್ಟನಡುವೆ ಫುತೆನ್ಮಾ ಎಂಬ ಅಮೆರಿಕನ್ ವಾಯುನೆಲೆ. ಅದರ ಬೇಲಿಗೆ ಅಂಟಿಕೊಂಡೇ ಒಂದು ಜಪಾನೀ ಪ್ರಾಥಮಿಕ ಶಾಲೆ. 2017ರ ಡಿಸೆಂಬರ್ 13ರಂದು ಆ ಶಾಲೆಯ ಮೈದಾನದಲ್ಲಿ ಮಕ್ಕಳು ಆಡುತ್ತಿದ್ದಾಗ ಮೇಲೆ ಹಾರುತ್ತಿದ್ದ ಹೆಲಿಕಾಪ್ಟರಿನ ಕಿಟಕಿ ಕಳಚಿ ಬಿತ್ತು. ತೂಕ ಏಳೂವರೆ ಕಿಲೋಗೂ ಹೆಚ್ಚು. ಯಾರ ತಲೆಯ ಮೇಲೂ ಬೀಳಲಿಲ್ಲ ಎಂಬುದೇ ಸಮಾಧಾನ. ಆಟ ಮತ್ತೆ ಶುರುವಾದ ಮೇಲೂ ವಿಮಾನ ಹತ್ತಿರ ಬಂದಾಗ ಮಕ್ಕಳು ಚೆಂಡು ಬಿಟ್ಟು ಓಡಬೇಕಾಗುತ್ತಿತ್ತು. ಹಿರಿಯರಿಗೆ ಆಗ ನೆನಪಾದದ್ದು 1959ರ ಜೂನ್ 30. ಅಂದು ಯುದ್ಧವಿಮಾನವೊಂದು ಮಿಯಾಮೊರಿ ಪ್ರಾಥಮಿಕ ಶಾಲೆಯ ಮೇಲೆ ಬಿದ್ದು, ಶಾಲೆಯ ಹನ್ನೊಂದು ಮಕ್ಕಳೂ ನೆರೆಹೊರೆಯ ಆರು ಮಂದಿಯೂ ಬಲಿಯಾಗಿದ್ದರು.

1995ರ ಸೆಪ್ಟೆಂಬರಿನಲ್ಲಿ ಮೂವರು ಅಮೆರಿಕನ್ ಯೋಧರು ಶಾಲಾ ಬಾಲಕಿಯೊಬ್ಬಳ ಮೇಲೆ ಅತ್ಯಾಚಾರ ಎಸಗಿದಾಗ ದ್ವೀಪ ಕೆರಳಿತು. ಅಕ್ಟೋಬರ್ 21ರಂದು ಗಿನೊವಾನ್‌ನಲ್ಲಿ ಸೇರಿದ ಜನ 85 ಸಾವಿರ ಎಂದು ಸಂಘಟಕರು ಲೆಕ್ಕ ಕೊಟ್ಟರು. ವೇದಿಕೆಯಲ್ಲಿ ಮಾತಾಡಿದವರಲ್ಲಿ ಹೈಸ್ಕೂಲ್ ವಿದ್ಯಾರ್ಥಿನಿಯೊಬ್ಬಳೂ ಇದ್ದಳು. ಫುತೆನ್ಮಾವನ್ನು ಐದರಿಂದ ಏಳು ವರ್ಷಗಳಲ್ಲಿ ಬಿಟ್ಟುಕೊಡುವುದಾಗಿ 1996ರಲ್ಲಿ ಎರಡೂ ಸರ್ಕಾರಗಳು ಒಪ್ಪಿದವು. ಆ ಅವಧಿ ಮುಗಿದು ಎಷ್ಟೋ ವರ್ಷಗಳಾದವು, ವಿಮಾನಗಳು ಅಲ್ಲೇ ಇವೆ.

ನೆಲೆಯೊಳಗಿನ ಅಪ್ಪ ಅಮ್ಮಂದಿರಿಗೆ ಇದನ್ನು ಮಕ್ಕಳಿಗೆ ಹೇಳುವುದು ಸುಲಭವಲ್ಲ. ‘ಗೇಟಿನ ಹೊರಗೆ ಫಲಕ ಹಿಡಿದು ನಿಂತವರು ಯಾರು? ನಾವು ಹೋಗಬೇಕು ಅಂತ ಯಾಕೆ ಬರೆದಿದ್ದಾರೆ?’ ಎಂದು ಮಗು ಶಾಲಾ ಬಸ್ಸಿನಿಂದ ಇಳಿದು ಕೇಳಿದರೆ ಏನು ಹೇಳುವುದು? ಪ್ರಾಥಮಿಕ ಶಾಲೆಗಳಲ್ಲಿ ಜಪಾನೀ ಮಾತು, ಹಬ್ಬ, ಕಾಗದದ ಕಲೆ ಕಲಿಸಲು ಸ್ಥಳೀಯ ಅಧ್ಯಾಪಕರಿದ್ದಾರೆ. ಆ ಫಲಕದ ಪಾಠಕ್ಕೆ ಪೀರಿಯಡ್ ಇಲ್ಲ. ಎರಡೂ ಕಡೆಗೆ ಸೇರಿದ ಮಕ್ಕಳೂ ಉಂಟು: ಅಪ್ಪ ಅಮೆರಿಕದವನು, ಅಮ್ಮ ಓಕಿನಾವಾದವಳು. ಅಂಥವರಿಗಾಗಿ ಐವರು ತಾಯಂದಿರು ಸೇರಿ 1998ರಲ್ಲಿ ತಾವೇ ಒಂದು ಶಾಲೆ ತೆರೆದರು. ಇಂಗ್ಲಿಷ್, ಜಪಾನೀ ಎರಡರಲ್ಲೂ ಅಲ್ಲಿ ಪಾಠ ನಡೆಯುತ್ತದೆ.

ಜೂನಿನಲ್ಲಿ ಶಾಲಾವರ್ಷ ಮುಗಿಯುತ್ತಿದ್ದಂತೆ ವರ್ಗಾವಣೆಯ ಕಾಲ. ಬಡಾವಣೆಯ ರಸ್ತೆಗಳಲ್ಲಿ ಸಾಮಾನು ಸಾಗಿಸುವ ಲಾರಿಗಳು, ಅಂಗಳದಲ್ಲಿ ಮಾರಾಟಕ್ಕಿಟ್ಟ ಸೈಕಲ್ಲುಗಳು. ಹೊರಡುವವರು ಕದೆನಾ ವಾಯುನೆಲೆಯ ನಿಲ್ದಾಣದಿಂದ ಸಿಯಾಟಲ್ ಕಡೆಗೆ ಸೇನೆ ಬಾಡಿಗೆಗೆ ಪಡೆದ ವಿಮಾನ ಹತ್ತುತ್ತಾರೆ. ಬೀಳ್ಕೊಡಲು ಬಂದ ಗೆಳತಿಯರು ಗಾಜಿನ ಈಚೆ ನಿಂತು ಅಳುತ್ತಾರೆ. ಸಿಯಾಟಲ್‌ನಿಂದ ಬಂದ ವಿಮಾನದಿಂದ ಹೊಸ ಕುಟುಂಬಗಳು ಇಳಿದು, ನಿದ್ದೆಗಣ್ಣಿನ ಮಕ್ಕಳನ್ನು ಎಳೆದುಕೊಂಡು ಸಾಲಾಗಿ ಹೊರಬರುತ್ತವೆ. ಅವರಿಗಾಗಿ ಗೊತ್ತುಮಾಡಿದ ಒಂದು ಮನೆಯವರು ಹೆಸರು ಬರೆದ ಹಲಗೆ ಹಿಡಿದು ನಿಂತಿರುತ್ತಾರೆ. ಅವರ ಜೊತೆಗೆ ಅದೇ ವಯಸ್ಸಿನ ಒಂದು ಮಗು. ಶಾಲೆಯ ಮೊದಲ ದಿನ ಊಟದ ಹೊತ್ತಿಗೆ ಹೊಸಬಳ ಪಕ್ಕ ಕೂರುವುದು ಅದರ ಕೆಲಸ.