ತಾಜ್ ಬಾವಡಿ ಕಟ್ಟಿಸಿದ ಹಬಶಿ

ವಿಜಯಪುರದ ತಾಜ್ ಬಾವಡಿಗೆ ಒಂದು ಕತೆ ಇದೆ. ಆದಿಲ್‌ಶಾಹಿ ಸುಲ್ತಾನ ಮುಹಮ್ಮದನ ಮನಸ್ಸು ರಂಭೆ ಎಂಬ ಚೆಲುವೆಯ ಮೇಲೆ ಹೋಯಿತು. ಅವಳನ್ನು ಕರೆತರುವ ಕೆಲಸ ದರ್ಬಾರಿನ ಮಲಿಕ್ ಸಂದಲ್‌ನ ಪಾಲಿಗೆ ಬಂತು. ದಾರಿಯಲ್ಲಿ ಏನೂ ನಡೆಯದಿದ್ದರೂ ಆಡಿಕೊಳ್ಳುವವರು ಆಡಿಕೊಳ್ಳುತ್ತಾರೆ, ತಲೆ ಹೋಗುವುದು ತನ್ನದೇ ಎಂದು ಅವನಿಗೆ ಮೊದಲೇ ಗೊತ್ತು. ಹೊರಡುವ ಮುಂಚೆ ತನ್ನ ಪುರುಷತ್ವವನ್ನೇ ಕತ್ತರಿಸಿಕೊಂಡು ಹೋದ. ಅಂದುಕೊಂಡಂತೆಯೇ ಚಾಡಿ ಹುಟ್ಟಿತು. ಪುರಾವೆ ಕಂಡ ಸುಲ್ತಾನ ಪೆಚ್ಚಾಗಿ, ಏನು ಬೇಕೋ ಕೇಳು ಅಂದ. ಹೆಸರು ಉಳಿಯುವಂಥದ್ದೊಂದು ಕಟ್ಟಿಸಬೇಕು ಅಂದ ಸಂದಲ್. 223 ಅಡಿ ಚೌಕದ, 52 ಅಡಿ ಆಳದ ಈ ಬಾವಿ ಹಾಗೆ ಎದ್ದಿತಂತೆ.

ಇಸವಿಗೆ ಹಿಡಿದು ನೋಡಿದರೆ ಕತೆ ಕುಸಿಯುತ್ತದೆ. ಬಾವಡಿ 1620ರದ್ದು, ಸುಲ್ತಾನ ಎರಡನೆಯ ಇಬ್ರಾಹಿಂನ ರಾಣಿ ತಾಜ್ ಸುಲ್ತಾನಾಳ ಹೆಸರಿನದ್ದು ಎನ್ನುತ್ತಾರೆ. ಮುಹಮ್ಮದ್ ಪಟ್ಟಕ್ಕೆ ಬಂದದ್ದೇ 1627ರಲ್ಲಿ. ಹಾಗೆಂದು ಕತೆಯನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಇದೇ ಇಬ್ರಾಹಿಂನ ಸಮಾಧಿಯಾದ ಇಬ್ರಾಹಿಂ ರೋಜಾದ ಶಾಸನದಲ್ಲೂ ಮಲಿಕ್ ಸಂದಲ್‌ನ ಹೆಸರಿದೆ. ಅನೇಕ ಇತಿಹಾಸಕಾರರು ಅವನನ್ನು ಹಬಶಿ, ಅಂದರೆ ಅಬಿಸೀನಿಯಾ ಕಡೆಯ ಆಫ್ರಿಕನ್ ಎನ್ನುತ್ತಾರೆ. ದರ್ಬಾರಿನಲ್ಲಿ ಎಷ್ಟು ಮೇಲೇರಿದರೂ ಅಂಥವನ ಎದೆಯಲ್ಲಿ ಇದ್ದಿರಬಹುದಾದ ಅಂಜಿಕೆಯನ್ನು ಶಾಸನ ಹೇಳುವುದಿಲ್ಲ, ಈ ಕತೆ ಹೇಳುತ್ತದೆ.

ಮೇಲೇರಿದ ಹಬಶಿಗಳು ಒಬ್ಬಿಬ್ಬರಲ್ಲ. 1580ರಲ್ಲಿ ಇಬ್ರಾಹಿಂ ಪಟ್ಟವೇರಿದಾಗ ಇನ್ನೂ ಹುಡುಗ. ಮುಂದೆ ದಿಲಾವರ್ ಖಾನ್ ಎಂಬ ಹಬಶಿ ಅವನ ಪರವಾಗಿ 1590ರವರೆಗೆ ರಾಜ್ಯ ಆಳಿದ. ಜಾಮಿಯಾ ಮಸೀದಿಯ ಬಂಗಾರದ ಮಿಹ್ರಾಬನ್ನು 1636ರಲ್ಲಿ ಸಿಂಗರಿಸಿದವನು ಮಲಿಕ್ ಯಾಕೂತ್. ಮುಹಮ್ಮದನ ದಿವಾನನಾಗಿದ್ದ ಇಖ್ಲಾಸ್ ಖಾನ್ ಸುಲ್ತಾನನ ಜೊತೆ ಆನೆಯ ಮೇಲೆ ಕುಳಿತ ಚಿತ್ರವನ್ನು ಹೈದರ್ ಅಲಿ ಮತ್ತು ಇಬ್ರಾಹಿಂ ಖಾನ್ ಬರೆದಿದ್ದಾರೆ. ಊರು ತೋರಿಸುವವರ ಮಾತಿನಲ್ಲಿ ಮಾತ್ರ ಸುಲ್ತಾನರದ್ದೇ ಕಾರುಬಾರು. ಹಬಶಿ ಎಂಬ ಮಾತು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದಲ್ಲಿರುವ ಆಫ್ರಿಕನ್ ಮೂಲದ ಸಿದ್ದಿಗಳ ಸಂಗತಿ ಬೇರೆ. ತಮ್ಮ ಕತೆ ಹೇಳುವವರೂ ಅವರೇ, ಹಾಡುವವರೂ ಅವರೇ. ಡಮಾಮಿ ಎಂಬ ಚರ್ಮವಾದ್ಯ ಬಾರಿಸುವ ಕೈ ಇನ್ನೂ ಇದೆ. 1980ರ ದಶಕದಲ್ಲಿ ಮಂಚಿಕೇರಿಯ ಸಿದ್ದಿ ನಟರು ನೈಜೀರಿಯಾದ ಲೇಖಕ ಚಿನುವ ಅಚಿಬೆಯ ಕಾದಂಬರಿಯನ್ನು ‘ಕಪ್ಪು ಜನ ಕೆಂಪು ನೆರಳು’ ಎಂದು ರಂಗಕ್ಕೆ ತಂದರು. 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ ಈ ಸಮುದಾಯವನ್ನು ವಿಜಯಪುರದ ಹಬಶಿಗಳ ನೇರ ಮೊಮ್ಮಕ್ಕಳೆಂದು ಕರೆಯುವ ಅವಸರ ಬೇಡ. ಆಫ್ರಿಕನ್ನರು ಕರ್ನಾಟಕಕ್ಕೆ ಬಂದ ದಾರಿ ಒಂದೇ ಅಲ್ಲ. ಗೋವೆಯಲ್ಲಿ ಪೋರ್ಚುಗೀಸರ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಕಾಡು ಸೇರಿದವರೂ ಇದ್ದಾರೆ.

ವಿಜಯಪುರದ ಹಬಶಿಗಳ ಕತೆಯನ್ನೂ ಊರವರ ಬಾಯಿಂದ ಕೇಳಿ ಕೂಡಿಸಬೇಕು. ಆ ಕೆಲಸ ಕೋಟೆಯೊಳಗೇ ಮುಗಿಯಬಾರದು. ತೊರವಿ ದಾಟಿ ಟಿಕೋಟಾಕ್ಕೆ, ಮುಹಮ್ಮದನ ಕಾಲದ ಕೆರೆಗಳಿರುವ ಮಮದಾಪುರಕ್ಕೆ, ಬಬಲೇಶ್ವರಕ್ಕೆ ಹೋಗಬೇಕು. ಕೆರೆಯ ಬಗ್ಗೆ ಕೇಳಿದರೆ ಎಲ್ಲರೂ ಸುಲ್ತಾನನನ್ನೇ ಹೇಳುತ್ತಾರೆ. “ಅಜ್ಜಾರ, ಕೆಲಸಾ ನಿಂತು ಮಾಡಿಸಿದಾವ ಯಾರಿದ್ದನ್ರಿ?” ಎಂದು ಕೇಳಿ ನೋಡಬೇಕು. ಹೇಳಿದ್ದನ್ನು ತಿದ್ದದೆ, ಊರು, ತಾರೀಖು, ಯಾರ ಬಾಯಿಂದ ಕೇಳಿದ ಕತೆ ಎಂಬುದರ ಸಮೇತ ಬರೆದಿಡಬೇಕು. ರಂಭೆಯ ಕತೆಗೆ ಎರಡು ಪಾಠ ಸಿಕ್ಕರೆ ಎರಡೂ ಇರಲಿ. ಕೋಟೆಯೊಳಗಿನ ಮನೆಗಳಲ್ಲಿ ಇಂಥ ಕತೆ ದಖನಿ ಉರ್ದುವಿನಲ್ಲೂ ನಡೆಯುತ್ತದೆ, ಹೊಲದ ಕಡೆ ಕನ್ನಡದಲ್ಲಿ. ಜೊತೆಗೆ ದಖನಿ ಬಲ್ಲವರೊಬ್ಬರು ಇರಲೇಬೇಕು.