ಎರಡು ಯಂತ್ರ, ಒಂದು ತಾಳ: ಸಿಂಥಸೈಜರಿಗೆ ಡ್ರಮ್ ಮೆಷಿನ್ ಆರಿಸುವುದು ಹೇಗೆ?

ಸಂಗೀತ ಕಚೇರಿಯಲ್ಲಿ ಮೃದಂಗ ನುಡಿಸುವವರನ್ನು ನೀವು ಗಮನಿಸಿರಬಹುದು. ಅವರ ಕಣ್ಣು ಗಾಯಕರ ತಾಳದ ಕೈಯ ಮೇಲಿರುತ್ತದೆ, ಕಿವಿ ಹಾಡಿನ ಮೇಲಿರುತ್ತದೆ. ಗಾಯಕರು ಕಾಲವನ್ನು ತುಸು ಏರಿಸಿದರೆ ಇವರೂ ಏರಿಸುತ್ತಾರೆ. ಆದರೆ ಎರಡು ಯಂತ್ರಗಳು ಜೊತೆಯಾಗಿ ನುಡಿಯಬೇಕಾದರೆ? ಯಂತ್ರಕ್ಕೆ ಕಣ್ಣೂ ಇಲ್ಲ, ಕಿವಿಯೂ ಇಲ್ಲ. ಅವೆರಡರ ಕೆಲಸವನ್ನು ಒಂದು ತಂತಿ ಮಾಡಬೇಕು.

ಹಿಂದೊಮ್ಮೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಎರಡು ಪೆಟ್ಟಿಗೆಗಳನ್ನು ಹೊತ್ತು ನಮ್ಮ ಪ್ರಯೋಗಾಲಯಕ್ಕೆ ಬಂದ. ಒಂದು ಹೊಸ ಸಿಂಥಸೈಜರ್. ಇನ್ನೊಂದು, ವರ್ಷವಿಡೀ ಕೂಡಿಟ್ಟ ಹಣದಲ್ಲಿ ಕೊಂಡಿದ್ದ, ಎಂಬತ್ತರ ದಶಕದ ಆರಂಭದ ಹಳೆಯ ಡ್ರಮ್ ಮೆಷಿನ್. ಎರಡರಲ್ಲೂ ಐದು ಪಿನ್ನಿನ ಒಂದೇ ಬಗೆಯ ದುಂಡನೆಯ ಸಾಕೆಟ್. "ಸರ್, ಕೇಬಲ್ ಸರಿಯಾಗಿ ಕೂರುತ್ತದೆ, ಆದರೆ ಎರಡೂ ಒಟ್ಟಿಗೆ ಹೋಗುವುದಿಲ್ಲ" ಎಂಬುದು ಅವನ ದೂರು. ಯಂತ್ರಗಳೆರಡೂ ಸುಸ್ಥಿತಿಯಲ್ಲಿದ್ದವು. ತಪ್ಪಿದ್ದು ಆಯ್ಕೆಯಲ್ಲಿ. ಅದನ್ನು ತಿಳಿಯಲು ಮೊದಲು ಈ ಯಂತ್ರಗಳ ಒಳಗೆ ಏನಿದೆಯೆಂದು ನೋಡೋಣ.

ಶಬ್ದ ಹುಟ್ಟುವ ಎರಡು ಬಗೆ

ಹಾರ್ಡ್‌ವೇರ್ ಸಿಂಥಸೈಜರ್ ಎಂದರೆ ಕಂಪ್ಯೂಟರಿನ ನೆರವಿಲ್ಲದೆ ತಾನೇ ಸ್ವರಗಳನ್ನು ಸೃಷ್ಟಿಸುವ ವಾದ್ಯ. ಅದರಲ್ಲಿ ವಿದ್ಯುತ್ ಆಂದೋಲಕ, ಶೋಧಕ, ವರ್ಧಕಗಳಿರುತ್ತವೆ. ಡ್ರಮ್ ಮೆಷಿನ್ ಅದರ ಸೋದರ. ನಾವು ಮೊದಲೇ ಗುರುತು ಹಾಕಿದ ಹೆಜ್ಜೆಗಳಲ್ಲಿ, ಸಾಮಾನ್ಯವಾಗಿ 16 ಹೆಜ್ಜೆಗಳ ಒಂದು ಆವರ್ತದಲ್ಲಿ, ತಾಳವಾದ್ಯದ ಶಬ್ದಗಳನ್ನು ಹೊರಡಿಸುವುದು ಇದರ ಕೆಲಸ.

ಈ ಶಬ್ದಗಳನ್ನು ಪಡೆಯಲು ಎರಡು ದಾರಿಗಳಿವೆ. ಎರಡರ ಪ್ರಸಿದ್ಧ ಮಾದರಿಗಳೂ 1980ರಲ್ಲೇ ಬಂದವು. ಜಪಾನಿನ ರೋಲ್ಯಾಂಡ್ ಕಂಪನಿಯ ಟಿಆರ್-808 ಶಬ್ದವನ್ನು ವಿದ್ಯುನ್ಮಂಡಲದಿಂದಲೇ ಸೃಷ್ಟಿಸುತ್ತಿತ್ತು. ಅದರ ದೊಡ್ಡ ಡ್ರಮ್ಮಿನ ಮಂಡಲ ದೇವಸ್ಥಾನದ ಗಂಟೆಯಂತೆ. ಒಂದು ವಿದ್ಯುತ್ ಪೆಟ್ಟು ಕೊಟ್ಟರೆ ಸೆಕೆಂಡಿಗೆ ಸುಮಾರು 50 ಬಾರಿ ಆಂದೋಲಿಸುತ್ತ ಕ್ರಮೇಣ ಅಡಗುತ್ತದೆ. ಭೌತವಿಜ್ಞಾನದ ಪಾಠದಲ್ಲಿ ಬರುವ ಅವಮಂದಿತ ಆಂದೋಲನವೇ ಇದು. ತಾಳದ ತಟ್ಟೆಯ ಶಬ್ದಕ್ಕೆ, ಪರಸ್ಪರ ಪೂರ್ಣಾಂಕ ಅನುಪಾತದಲ್ಲಿರದ ಆರು ಚೌಕ ತರಂಗಗಳನ್ನು ಬೆರೆಸಿ ಸೋಸುತ್ತಿದ್ದರು. ಲೋಹದ ತಟ್ಟೆಯ ಕಂಪನಗಳೂ ಹೀಗೆಯೇ ಪೂರ್ಣಾಂಕಕ್ಕೆ ಬಗ್ಗುವುದಿಲ್ಲ.

ಅಮೆರಿಕದ ರೋಜರ್ ಲಿನ್ ಅವರ ಎಲ್‌ಎಂ-1 ಯಂತ್ರದ ದಾರಿ ಬೇರೆ. ನಿಜವಾದ ಡ್ರಮ್ಮಿನ ಧ್ವನಿಯನ್ನು ಅಂಕೆಗಳಾಗಿ ಸ್ಮೃತಿಯಲ್ಲಿಟ್ಟು ಬೇಕಾದಾಗ ನುಡಿಸುವುದು ಅದರ ಕ್ರಮ. ಆಗ ಸ್ಮೃತಿ ಬಹಳ ದುಬಾರಿ. ದೀರ್ಘಕಾಲ ಅನುರಣಿಸುವ ದೊಡ್ಡ ತಟ್ಟೆಗಳ ಧ್ವನಿಗೆ ಅದರಲ್ಲಿ ಜಾಗವೇ ಇರಲಿಲ್ಲ. ಇಂದು ಸೆಕೆಂಡಿಗೆ 48,000 ಮಾದರಿಗಳಂತೆ, ಮಾದರಿಯೊಂದಕ್ಕೆ 2 ಬೈಟ್‌ನಂತೆ, ಒಂದು ಸೆಕೆಂಡಿನ ಧ್ವನಿಗೆ 96,000 ಬೈಟ್ ಸಾಕು. ಅದು ಈಗ ಲೆಕ್ಕಕ್ಕೇ ಇಲ್ಲದ ಮೊತ್ತ.

ಮೊದಲ ಬಗೆಯಲ್ಲಿ ಶ್ರುತಿ, ಅನುರಣನದ ಅವಧಿ ಇವನ್ನು ಗುಂಡಿ ತಿರುಗಿಸಿ ನಯವಾಗಿ ಬದಲಿಸಬಹುದು. ಎರಡನೆಯದರಲ್ಲಿ ನಿಮ್ಮೂರಿನ ಡೊಳ್ಳನ್ನೋ ತಮಟೆಯನ್ನೋ ಧ್ವನಿಮುದ್ರಿಸಿ ತುಂಬಿಸಬಹುದು. ಅಂಗಡಿಯಲ್ಲಿ ಹೆಚ್ಚಿನವರು ಇಷ್ಟನ್ನೇ ಕೇಳಿ ನೋಡಿ ಹಣ ಕೊಡುತ್ತಾರೆ. ಆದರೆ ಇದು ಮೂರನೆಯದಾಗಿ ಕೇಳಬೇಕಾದ ಪ್ರಶ್ನೆ. ಮೊದಲನೆಯದು ಗಡಿಯಾರದ ಪ್ರಶ್ನೆ.

ಒಂದೇ ಗಡಿಯಾರ ಏಕೆ?

ಎರಡು ಯಂತ್ರಗಳನ್ನೂ ನಿಮಿಷಕ್ಕೆ 120 ಎಣಿಕೆಗೆ ಹೊಂದಿಸಿ ಒಟ್ಟಿಗೆ ಶುರು ಮಾಡಿದರೆ ಸಾಲದೇ? ಲೆಕ್ಕ ಹಾಕೋಣ. ಒಂದು ಎಣಿಕೆಗೆ 500 ಮಿಲಿಸೆಕೆಂಡ್. 16 ಹೆಜ್ಜೆಗಳ ಆವರ್ತದಲ್ಲಿ ಎಣಿಕೆಗೆ ನಾಲ್ಕು ಹೆಜ್ಜೆ, ಅಂದರೆ ಹೆಜ್ಜೆಗೆ 125 ಮಿಲಿಸೆಕೆಂಡ್. ಒಂದರ ಗಡಿಯಾರ ಇನ್ನೊಂದಕ್ಕಿಂತ ಸಾವಿರಕ್ಕೆ ಒಂದು ಪಾಲು ವೇಗವಾಗಿದೆ ಎನ್ನೋಣ. ಒಂದು ನಿಮಿಷದಲ್ಲಿ ಅಂತರ 60 ಮಿಲಿಸೆಕೆಂಡ್. ನಾಲ್ಕು ನಿಮಿಷದ ಹಾಡು ಮುಗಿಯುವಾಗ 240 ಮಿಲಿಸೆಕೆಂಡ್, ಹೆಚ್ಚುಕಡಿಮೆ ಎರಡು ಹೆಜ್ಜೆ! ಎರಡು ಶಬ್ದಗಳ ನಡುವೆ ಸುಮಾರು 20 ಮಿಲಿಸೆಕೆಂಡ್ ಅಂತರವಿದ್ದರೆ ಯಾವುದು ಮೊದಲು ಬಂತೆಂದು ನಮ್ಮ ಕಿವಿ ಹೇಳಬಲ್ಲದು. ಹಾಗಾಗಿ ಮೊದಲ ನಿಮಿಷ ಮುಗಿಯುವ ಮುನ್ನವೇ ತಾಳ ಒಡೆದದ್ದು ತಿಳಿದುಬಿಡುತ್ತದೆ.

ಪರಿಹಾರ ಒಂದೇ. ಒಂದು ಯಂತ್ರ ಯಜಮಾನನಾಗಿ ಕಾಲವನ್ನು ಎಣಿಸಬೇಕು, ಇನ್ನೊಂದು ಅದನ್ನು ಅನುಸರಿಸಬೇಕು. ಈ ಎಣಿಕೆಯನ್ನು ಸಾಗಿಸುವ ಬಗೆಗಳು ಮುಖ್ಯವಾಗಿ ಮೂರು.

ಮೊದಲನೆಯದು 1983ರಲ್ಲಿ ಬಳಕೆಗೆ ಬಂದ ಮಿಡಿ ಎಂಬ ಒಪ್ಪಂದ. ಕನ್ನಡದ 'ಮಿಡಿ'ಗೂ ಇದಕ್ಕೂ ಸಂಬಂಧವಿಲ್ಲ, ಆದರೂ ಹೆಸರು ಚೆನ್ನಾಗಿಯೇ ಒಪ್ಪುತ್ತದೆ. ಬೇರೆ ಬೇರೆ ಕಂಪನಿಗಳ ವಾದ್ಯಗಳು ಪರಸ್ಪರ ಮಾತಾಡಲು ಸಾಧ್ಯವಾದದ್ದು ಇದರಿಂದ. ಇದಕ್ಕಾಗಿ ರೋಲ್ಯಾಂಡ್ ಸ್ಥಾಪಕ ಇಕುತಾರೊ ಕಕೆಹಾಶಿ ಮತ್ತು ಅಮೆರಿಕದ ಡೇವ್ ಸ್ಮಿತ್ ಅವರಿಗೆ 2013ರಲ್ಲಿ ತಾಂತ್ರಿಕ ಗ್ರ್ಯಾಮಿ ಗೌರವ ದೊರೆಯಿತು. ಮಿಡಿ ತಂತಿಯಲ್ಲಿ ಸೆಕೆಂಡಿಗೆ 31,250 ಬಿಟ್‌ಗಳು ಸಾಗುತ್ತವೆ. ಒಂದು ಬೈಟ್ ಕಳಿಸಲು 10 ಬಿಟ್ ಬೇಕು, ಅಂದರೆ 0.32 ಮಿಲಿಸೆಕೆಂಡ್. ಎಣಿಕೆಯೊಂದಕ್ಕೆ 24 ಗಡಿಯಾರ ಬೈಟ್‌ಗಳು ಹೋಗುತ್ತವೆ. ಆರು ಬಂದಾಗ ಯಂತ್ರ ಒಂದು ಹೆಜ್ಜೆ ಮುಂದಿಡುತ್ತದೆ. ಸ್ವರಗಳ ಸಂದೇಶ ಸಾಗುತ್ತಿರುವಾಗಲೂ ಗಡಿಯಾರದ ಬೈಟ್ ನಡುವೆ ನುಸುಳಬಹುದು. ದಟ್ಟಣೆಯಲ್ಲಿ ಆಂಬುಲೆನ್ಸಿಗೆ ದಾರಿ ಬಿಟ್ಟಂತೆ ಇದು.

ಎರಡನೆಯದು ಮಿಡಿಗಿಂತ ಹಳೆಯದಾದ ಡಿನ್ ಸಿಂಕ್. ಎಣಿಕೆಗೆ 24 ಸ್ಪಂದ, ಸಾಕೆಟ್ಟೂ ಅದೇ ಐದು ಪಿನ್ನಿನದು. ಆದರೆ ಇಲ್ಲಿ ಸಾಗುವುದು ಸಂದೇಶವಲ್ಲ, ಬರಿಯ 5 ವೋಲ್ಟ್ ಸ್ಪಂದ. ಮಿಡಿಯ ಸಂಕೇತ 4 ಮತ್ತು 5ನೇ ಪಿನ್ನುಗಳಲ್ಲಿ ಬಂದರೆ ಇದರ ಸ್ಪಂದ 3ನೇ ಪಿನ್ನಿನಲ್ಲಿ ಬರುತ್ತದೆ. ನನ್ನ ವಿದ್ಯಾರ್ಥಿಯ ಯಂತ್ರವನ್ನು ಆಸಿಲೋಸ್ಕೋಪಿಗೆ ಜೋಡಿಸಿದಾಗ ತೆರೆಯ ಮೇಲೆ ಕಂಡದ್ದು ಇದೇ ಚೌಕ ಸ್ಪಂದಗಳ ಸಾಲು. ಅವನ ಸಿಂಥಸೈಜರ್ ಕಿವಿಗೊಟ್ಟಿದ್ದು ಮಾತ್ರ ಬೇರೆ ಎರಡು ಪಿನ್ನುಗಳಿಗೆ! ಡಿನ್ ಸಿಂಕನ್ನು ಮಿಡಿಗೆ ಬದಲಿಸುವ ಪೆಟ್ಟಿಗೆಯೊಂದಕ್ಕೆ ಅವನು ಮತ್ತೆ ಹಣ ಹೊಂದಿಸಬೇಕಾಯಿತು.

ಮೂರನೆಯದು 3.5 ಮಿಲಿಮೀಟರ್ ಜ್ಯಾಕಿನ ಸರಳ ಸ್ಪಂದ. ಕಾರ್ಗ್ ಕಂಪನಿಯ ವೋಲ್ಕಾ ಸರಣಿಯ ಯಂತ್ರಗಳಲ್ಲಿ ಇದು ಎಣಿಕೆಗೆ ಕೇವಲ 2 ಬಾರಿ ಬರುತ್ತದೆ. 24 ಸ್ಪಂದ ನಿರೀಕ್ಷಿಸುವ ಯಂತ್ರಕ್ಕೆ ಇದನ್ನು ಕೊಟ್ಟರೆ ಅದು ಹನ್ನೆರಡರಲ್ಲಿ ಒಂದು ಪಾಲು ವೇಗದಲ್ಲಿ ತೆವಳುತ್ತದೆ.

ಮಿಡಿ ಬರುವ ಮುನ್ನ ಒಂದೇ ಕಂಪನಿಯ ಯಂತ್ರಗಳನ್ನು ಕೊಳ್ಳುವುದೇ ಕ್ಷೇಮದ ದಾರಿಯಾಗಿತ್ತು. 1982ರಲ್ಲಿ ಮುಂಬಯಿಯ ಚರಣಜಿತ್ ಸಿಂಗ್ ಅವರು ಹತ್ತು ರಾಗಗಳನ್ನು ಡಿಸ್ಕೊ ತಾಳಕ್ಕೆ ಕೂಡಿಸಿ ಮುದ್ರಿಸಿದ ಸಂಗೀತ ದಶಕಗಳ ನಂತರ ಜಗತ್ತಿನ ಗಮನ ಸೆಳೆಯಿತು. ಅದರಲ್ಲಿ ನುಡಿದ ಟಿಆರ್-808, ಟಿಬಿ-303 ಮತ್ತು ಜುಪಿಟರ್-8 ಮೂರೂ ರೋಲ್ಯಾಂಡಿನವೇ.

ಶ್ರುತಿಯ ಜಗಳ

ಎರಡನೆಯ ಪ್ರಶ್ನೆ ಆವೃತ್ತಿಗೆ ಸಂಬಂಧಿಸಿದ್ದು. ಡ್ರಮ್ಮಿಗೆ ಶ್ರುತಿ ಏಕೆ ಎನ್ನಬೇಡಿ. ಮೃದಂಗದ ಕರಣೆ ಅದರ ಚರ್ಮದ ಕಂಪನಗಳನ್ನು ಪೂರ್ಣಾಂಕ ಅನುಪಾತಕ್ಕೆ ತರುತ್ತದೆ, ಆದ್ದರಿಂದಲೇ ಅದನ್ನು ಶ್ರುತಿಗೆ ಕೂಡಿಸಬಹುದು ಎಂಬುದನ್ನು ಸಿ. ವಿ. ರಾಮನ್ ಅವರು 1934ರ ತಮ್ಮ ಪ್ರಬಂಧದಲ್ಲಿ ವಿವರಿಸಿದ್ದರು. ಡ್ರಮ್ ಮೆಷಿನ್ನಿನ ದೀರ್ಘವಾದ ಮಂದ್ರ ನಾದಕ್ಕೂ ಶ್ರುತಿ ಇದೆ. ಅದು 50 ಹರ್ಟ್ಸ್‌ನಲ್ಲಿದ್ದು ಸಿಂಥಸೈಜರಿನ ಮಂದ್ರ ಸ್ವರ 55 ಹರ್ಟ್ಸ್‌ನಲ್ಲಿದ್ದರೆ ಸೆಕೆಂಡಿಗೆ 5 ವಿಸ್ಪಂದಗಳು ಉಂಟಾಗಿ ಶಬ್ದ ನಡುಗುತ್ತದೆ. ಎರಡೂ ಒಂದೇ ಆವೃತ್ತಿಯಲ್ಲಿದ್ದರೆ ಪ್ರಾವಸ್ಥೆಗೆ ತಕ್ಕಂತೆ ಒಮ್ಮೆ ಇಮ್ಮಡಿಸಿ ಸ್ಪೀಕರನ್ನು ಗರಗರಗೊಳಿಸಬಹುದು, ಒಮ್ಮೆ ಒಂದನ್ನೊಂದು ನುಂಗಬಹುದು.

ನಿಮ್ಮ ಸಿಂಥಸೈಜರಿನಲ್ಲಿ ಮಂದ್ರ ಸ್ವರಗಳನ್ನೇ ಹೆಚ್ಚು ನುಡಿಸುವುದಾದರೆ, ದೊಡ್ಡ ಡ್ರಮ್ಮಿನ ಶ್ರುತಿಗೂ ಅನುರಣನಕ್ಕೂ ಬೇರೆ ಬೇರೆ ಗುಂಡಿಗಳಿರುವ ಯಂತ್ರವನ್ನು ಆರಿಸಿ. ಪ್ರತಿ ವಾದ್ಯಕ್ಕೂ ಪ್ರತ್ಯೇಕ ಹೊರದಾರಿ ಇದ್ದರೆ ಮಿಕ್ಸರಿನಲ್ಲಿ ಒಂದೊಂದನ್ನೂ ತಿದ್ದಬಹುದು.

ಒಂದು ಉದಾಹರಣೆ

ನಿಮ್ಮ ಬಳಿ 2016ರಲ್ಲಿ ಬಂದ ಕಾರ್ಗ್ ಮಿನಿಲಾಗ್ ಇದೆ ಎನ್ನೋಣ. ಅದರಲ್ಲಿ ಏಕಕಾಲಕ್ಕೆ ನಾಲ್ಕು ಸ್ವರ, 16 ಹೆಜ್ಜೆಯ ಅನುಕ್ರಮ, ಮಿಡಿ ಮತ್ತು 3.5 ಮಿಲಿಮೀಟರ್ ಸಿಂಕ್ ಎರಡೂ ಇವೆ.

ಅದೇ ಕಂಪನಿಯ ವೋಲ್ಕಾ ಬೀಟ್ಸ್ ಚಿಕ್ಕದು, 2013ರಲ್ಲಿ ಬಂದದ್ದು. ಅದಕ್ಕೆ ಮಿಡಿ ಒಳದಾರಿ ಮಾತ್ರ ಇದೆ, ಹೊರದಾರಿಯಿಲ್ಲ. ಆದರೆ ಸಿಂಕ್ ಜ್ಯಾಕ್ ಇರುವುದರಿಂದ ಒಂದು ಸಣ್ಣ ತಂತಿಯಲ್ಲಿ ಮಿನಿಲಾಗ್ ಜೊತೆ ಹೊಂದುತ್ತದೆ. ಎಲ್ಲ ಶಬ್ದಗಳೂ ಒಂದೇ ಜ್ಯಾಕಿನಿಂದ ಹೊರಬರುತ್ತವೆ ಎಂಬುದೇ ಕೊರತೆ. 2016ರ ಆರ್ಟೂರಿಯಾ ಡ್ರಮ್‌ಬ್ರೂಟ್‌ನಲ್ಲಿ 17 ಸಾದೃಶ್ಯ ಶಬ್ದಗಳು, 12 ಪ್ರತ್ಯೇಕ ಹೊರದಾರಿಗಳು ಇವೆ. ಮೇಲೆ ಹೇಳಿದ ಮೂರು ಬಗೆಯ ಗಡಿಯಾರಗಳಿಗೂ ಅದು ಒಗ್ಗುತ್ತದೆ. ಆದರೆ ಹೊಸ ಧ್ವನಿ ತುಂಬಿಸಲಾಗದು. 2017ರ ಎಲೆಕ್ಟ್ರಾನ್ ಡಿಜಿಟ್ಯಾಕ್ಟ್ ಧ್ವನಿಮುದ್ರಿಸಿಕೊಳ್ಳುವ ಬಗೆಯದು. ಎಂಟು ಧ್ವನಿ ಸಾಲುಗಳ ಜೊತೆಗೆ ಎಂಟು ಮಿಡಿ ಸಾಲುಗಳಿದ್ದು, ಸಿಂಥಸೈಜರಿನ ಸ್ವರಗಳನ್ನೂ ತಾನೇ ನಡೆಸಬಲ್ಲದು.

ನಮ್ಮ ತಾಳಗಳನ್ನು ನುಡಿಸುವವರು ಇನ್ನೊಂದನ್ನು ಪರೀಕ್ಷಿಸಬೇಕು. ಅಕ್ಷರಕ್ಕೆ ಎರಡು ಹೆಜ್ಜೆಯಂತೆ ಆದಿತಾಳ 16 ಹೆಜ್ಜೆಗೆ ಸರಿಹೊಂದುತ್ತದೆ. ಮಿಶ್ರಚಾಪುವಿಗೆ ಬೇಕಾದದ್ದು 14, ಖಂಡಚಾಪುವಿಗೆ 10. ಆವರ್ತದ ಉದ್ದವನ್ನು ಬದಲಿಸುವ ಸೌಲಭ್ಯ ಎರಡೂ ಯಂತ್ರಗಳಲ್ಲಿ ಇರಲಿ. ಒಂದು 14ರಲ್ಲೂ ಇನ್ನೊಂದು 16ರಲ್ಲೂ ಓಡಿದರೆ ಮತ್ತೆ ಸಮದಲ್ಲಿ ಸೇರುವುದು 112 ಹೆಜ್ಜೆಗಳ ನಂತರ. ಬೇಕೆಂದೇ ಮಾಡಿದರೆ ಅದು ಸೊಗಸು, ಬೇಡದೆ ಆದರೆ ಗೊಂದಲ.

ಆದ್ದರಿಂದ ಅಂಗಡಿಗೆ ಹೋಗುವ ಮುನ್ನ ನಿಮ್ಮ ಸಿಂಥಸೈಜರಿನ ಹಿಂಬದಿಯ ಸಾಕೆಟ್ಟುಗಳನ್ನೂ ಕೈಪಿಡಿಯಲ್ಲಿ ಗಡಿಯಾರದ ಪುಟವನ್ನೂ ಓದಿ ಬರೆದುಕೊಳ್ಳಿ. ಸಾಧ್ಯವಾದರೆ ವಾದ್ಯವನ್ನೇ ಒಯ್ಯಿರಿ. ಎರಡನ್ನೂ ಜೋಡಿಸಿ, ಹಾಡಿನಷ್ಟು ಹೊತ್ತು, ನಾಲ್ಕು ನಿಮಿಷ ನಿಲ್ಲಿಸದೆ ಓಡಿಸಿ. ನಡುವೆ ವೇಗವನ್ನು ಒಮ್ಮೆ ಏರಿಸಿ, ಒಮ್ಮೆ ಇಳಿಸಿ. ಕೊನೆಯ ಪೆಟ್ಟೂ ಮೊದಲ ಪೆಟ್ಟಿನಂತೆ ಒಟ್ಟಿಗೆ ಬಿದ್ದರೆ, ಶಬ್ದಗಳು ಎಷ್ಟಿವೆ, ಹೇಗಿವೆ ಎಂದು ನೋಡಲು ಆಗ ತೊಡಗಿ.