ಮಕ್ಕಳ ಬರೆವಣಿಗೆಯಲ್ಲಿ ಕಂಡಿಕೆಯ ಕ್ರಮ

ನಮ್ಮ ಮಕ್ಕಳು ಪ್ರಬಂಧ ಬರೆಯುವಾಗ ತಿಳಿದುದನ್ನೆಲ್ಲ ಒಂದೇ ಕಂಡಿಕೆಯಲ್ಲಿ, ಎಂದರೆ ಒಂದೇ ಪ್ಯಾರಾದಲ್ಲಿ, ತುಂಬುವುದುಂಟು. ಬೈಯಪ್ಪನಹಳ್ಳಿಯ ವಿಷಯವಾಗಿ ಬರೆಯೆಂದರೆ ರೈಲು, ಅಂಗಡಿ, ಮಳೆ, ನೆರೆಹೊರೆ ಎಲ್ಲವೂ ಒಟ್ಟಿಗೆ ನುಗ್ಗುವುವು. ಓದುವವನ ಮನಸ್ಸಿನಲ್ಲಿ ಒಂದೂ ನಿಲ್ಲದು.

ಕಂಡಿಕೆಗೆ ವಿಷಯವೊಂದೇ ಇರತಕ್ಕದ್ದು. ಮೊದಲ ವಾಕ್ಯವು ಅದನ್ನು ಹೇಳಲಿ; ಮುಂದಿನವು ಆಧಾರ ಕೊಡಲಿ; ಕಡೆಯದು ಫಲವನ್ನು ತಿಳಿಸಲಿ. ಈ ಮಾದರಿಯನ್ನು ನೋಡಿರಿ:

“ಬೈಯಪ್ಪನಹಳ್ಳಿಯು ಪರಸ್ಥಳದವರಿಗೆ ರೈಲಿನಿಂದಲೇ ಪರಿಚಿತವಾಯಿತು. 2011ನೆಯ ಅಕ್ಟೋಬರ್ 20ರಂದು ಬೆಂಗಳೂರಿನ ಮೊದಲ ಮೆಟ್ರೊ ಮಾರ್ಗವು ಇಲ್ಲಿಂದ ಮಹಾತ್ಮ ಗಾಂಧಿ ರಸ್ತೆಯವರೆಗೆ ತೆರೆಯಿತು. 2022ರ ಜೂನ್ ತಿಂಗಳಲ್ಲಿ ಇಲ್ಲಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್‌ನಿಂದ ದೂರದ ಊರುಗಳಿಗೆ ಗಾಡಿಗಳು ಹೊರಟುವು. ಹೀಗೆ ಹೆಸರಿನಲ್ಲಿ ಹಳ್ಳಿಯಾಗಿ ಉಳಿದ ಸ್ಥಳವು ನಗರಕ್ಕೊಂದು ಹೆಬ್ಬಾಗಿಲಾಯಿತು.”

ಇಲ್ಲಿ ಮಳೆಯ ಮಾತಿಲ್ಲ. ಅದು ಸುಳ್ಳೆಂದಲ್ಲ, ಬೇರೊಂದು ಕಂಡಿಕೆಗೆ ಸೇರಿದುದೆಂದು. ಬಿಡಬೇಕಾದುದನ್ನು ಬಿಡುವುದೇ ಮಕ್ಕಳಿಗೆ ಕಷ್ಟ. ಆದುದರಿಂದ ತಂದೆತಾಯಿಗಳು ಕಾಗುಣಿತವನ್ನು ತಿದ್ದುವುದಕ್ಕೆ ಮೊದಲು, “ಮಗು, ಈ ಕಂಡಿಕೆಯಲ್ಲಿ ನೀನು ಹೇಳಬೇಕೆಂದಿರುವುದೇನು?” ಎಂದು ಕೇಳಲಿ. ಉತ್ತರವು ಒಂದು ವಾಕ್ಯದಲ್ಲಿ ಬಂದರೆ ಅದೇ ಕಂಡಿಕೆಯ ಮೊದಲ ವಾಕ್ಯ. ಬಾರದಿದ್ದರೆ ಲೇಖನಿಯನ್ನು ಕೆಳಗಿಟ್ಟು ಇನ್ನೊಮ್ಮೆ ಯೋಚಿಸತಕ್ಕದ್ದು.